ಮೂರನೆಯ ಕೊಟೇಶನ್

ಅಪ್ಪನ ಹತ್ತಿರ ಇಲ್ಲದಿದ್ದದ್ದು ಒಂದೇ: ಮೂರನೆಯ ಕೊಟೇಶನ್.

ಉಳಿದದ್ದೆಲ್ಲ ಇತ್ತು. ಆಪರೇಷನ್ನಿಗೆ ವಿಮೆಯಿತ್ತು. ಆಸ್ಪತ್ರೆ ಮನೆಯಿಂದ ಎರಡು ಬಸ್‌ಸ್ಟಾಪ್ ಆಚೆಗಿತ್ತು. ಕೂರಿಸಿಕೊಂಡು ಹೋಗಲು ನನ್ನ ಸ್ಕೂಟರಿತ್ತು, ಬಂದ ಮೇಲೆ ನೋಡಿಕೊಳ್ಳಲು ಅಮ್ಮನಿದ್ದಳು. ಅರವತ್ತೆಂಟು ವಯಸ್ಸಿನಲ್ಲಿ ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇರಲಿಲ್ಲ. ಎರಡು ಕೊಟೇಶನ್ ಕೂಡ ಕೈಯಲ್ಲಿದ್ದವು.

ಡಾಕ್ಟರ ಅಭಿಪ್ರಾಯಕ್ಕೆ ಕೊಟೇಶನ್ ಅನ್ನುವುದು ಅಪ್ಪನದೇ ಮಾತು. ಅವರು ಗಾಜಿನ ಬಾಟಲಿ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಮೂವತ್ನಾಲ್ಕು ವರ್ಷ ಕೂತವರು. ಪೊರಕೆಯಿಂದ ಹಿಡಿದು ಕುಲುಮೆಯ ಇಟ್ಟಿಗೆಯವರೆಗೆ ಏನೇ ಕೊಳ್ಳಬೇಕಾದರೂ ಮೂರು ಕಡೆಯಿಂದ ಮುಚ್ಚಿದ ಲಕೋಟೆಯಲ್ಲಿ ದರ, ಷರತ್ತು ತರಿಸಬೇಕು. ಮೂರನ್ನೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಬರೆದು ತುಲನಾ ಪಟ್ಟಿ ಮಾಡಬೇಕು. ಆಮೇಲೆ ಸಹಿ. ಎರಡೇ ಲಕೋಟೆ ಬಂದರೆ ಫೈಲು ವಾಪಸ್ಸು.

ಒಂದೇ ಒಂದು ಸಲ ಅಪ್ಪ ಎರಡರ ಮೇಲೆ ಸಹಿ ಹಾಕಿದ್ದರು. ಕುಲುಮೆಗೆ ಗಾಳಿ ಊದುವ ಬ್ಲೋವರ್ ಕೆಟ್ಟು ನಿಂತಿತ್ತು, ಮ್ಯಾನೇಜರ್ ತಲೆಯ ಮೇಲೆ ಕೂತಿದ್ದ, ಮೂರನೆಯವನ ಲಕೋಟೆ ಬಂದಿರಲಿಲ್ಲ. ಬ್ಲೋವರ್ ಚೆನ್ನಾಗಿಯೇ ಓಡಿತು. ಆದರೆ ಆಡಿಟ್‌ನವರು ಹಿಡಿದರು. ಮ್ಯಾನೇಜರ್ ತಾನು ಹೇಳಿಯೇ ಇಲ್ಲ ಅಂದ. ಅಪ್ಪನ ಬಡ್ತಿ ನಿಂತಿತು. ಅವರ ಹತ್ತಿರ ಕೆಲಸ ಕಲಿತವನೇ ಅವರಿಗೆ ಮೇಲಧಿಕಾರಿಯಾಗಿ ಬಂದ.

"ಬ್ಲೋವರ್ ಇವತ್ತಿಗೂ ಓಡ್ತಿದೆ. ನಾನು ಅಲ್ಲೇ ನಿಂತೆ," ಎಂದು ಅಪ್ಪ ಈಗಲೂ ಹೇಳುತ್ತಾರೆ. ಬಂದವರಿಗೆಲ್ಲ ಹೇಳುತ್ತಾರೆ. ಗ್ಯಾಸ್ ಸಿಲಿಂಡರ್ ತಂದವನಿಗೂ ಹೇಳಿದ್ದಾರೆ.

ನಮ್ಮ ಮನೆಗೆ ಮೂರು ಕೋಣೆ, ಒಂದು ಬಚ್ಚಲು. ಎರಡು ವರ್ಷದಿಂದ ಆ ಬಚ್ಚಲು ಹೆಚ್ಚುಕಡಿಮೆ ಅಪ್ಪನದೇ ಆಗಿತ್ತು. ಒಳಗೆ ಹೋದರೆ ಕಾಲುಗಂಟೆ. ಹೊರಗೆ ಬಂದು ಕುರ್ಚಿಯಲ್ಲಿ ಕೂತ ಹತ್ತು ನಿಮಿಷಕ್ಕೆ ಮತ್ತೆ ಏಳುವುದು. ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಿಕೊಂಡಿರುತ್ತಿದ್ದರು. ತೆಳ್ಳನೆಯ ಪ್ಲೈವುಡ್ ಬಾಗಿಲು, ಎಲ್ಲ ಕೇಳಿಸುತ್ತಿತ್ತು. ಮೊದಲು ಏನೂ ಇಲ್ಲ. ಆಮೇಲೆ ಮುಚ್ಚಲಾರದ ನಲ್ಲಿಯ ಹಾಗೆ ಒಂದಷ್ಟು ಹನಿ. ಮತ್ತೆ ಏನೂ ಇಲ್ಲ.

"ಏನ್ರೀ, ಒಳಗೇ ಸಂಸಾರ ಹೂಡಿದ್ರಾ?" ಅಮ್ಮ ಬಾಗಿಲು ಬಡಿಯುತ್ತಿದ್ದಳು. "ಮಗಳು ಕೆಲಸಕ್ಕೆ ಹೋಗ್ಬೇಕು."

"ಎರಡು ನಿಮಿಷ."

"ನಿಮ್ಮ ಎರಡು ನಿಮಿಷದಲ್ಲಿ ಅನ್ನ ಬೇಯತ್ತೆ."

ಪ್ರಾಸ್ಟೇಟ್ ಗ್ರಂಥಿ ಬೆಳೆದಿದೆ ಎಂದು ಗೊತ್ತಿತ್ತು. ಮಾತ್ರೆ ನುಂಗುತ್ತಿದ್ದರು. ಮಾತ್ರೆ ಸೋತ ಮೇಲೂ ಆಪರೇಷನ್ ಅನ್ನುವ ಮಾತು ಎತ್ತಗೊಡುತ್ತಿರಲಿಲ್ಲ. ಅದಕ್ಕೆ ಕಾರಣ ದೊಡ್ಡಪ್ಪ. ಅಪ್ಪನ ಅಣ್ಣ ಅವರ ಕೊನೆಯ ಎರಡು ವರ್ಷ ತೊಡೆಗೆ ಮೂತ್ರದ ಚೀಲ ಕಟ್ಟಿಕೊಂಡು ಬದುಕಿದರು. ಅದನ್ನು ಬಿಚ್ಚಿ, ಚೆಲ್ಲಿ, ತೊಳೆದು ಮತ್ತೆ ಕಟ್ಟುತ್ತಿದ್ದವರು ಅಪ್ಪ. ದೊಡ್ಡಪ್ಪನ ಕಾಯಿಲೆ ಬೇರೆಯೇ ಆಗಿತ್ತು. ಅಪ್ಪನ ತಲೆಯಲ್ಲಿ ಮಾತ್ರ ಆಪರೇಷನ್ ಅಂದರೆ ಚೀಲ.

"ಏನು ಬೇಕಾದ್ರೂ ಮಾಡಿ. ಸಾಯೋವರೆಗೂ ಆ ನಳಿಕೆ, ಆ ಚೀಲ ನನಗೆ ಬೇಡ," ಅಂದಿದ್ದರು. ಅವರು ಕೇಳಿದ್ದು ಅಷ್ಟೇ. ಅದನ್ನು ನಾನು ನ್ಯಾಯವಲ್ಲ ಅನ್ನುವುದಿಲ್ಲ.

ಫೆಬ್ರವರಿ ಮೊದಲ ವಾರ ನಾನೇ ಎಳೆದುಕೊಂಡು ಹೋದೆ. ಮೊದಲನೆಯವರು ವಯಸ್ಸಾದ ಸರ್ಜನ್. ದಪ್ಪ ಬೆರಳು, ಶಾಯಿ ಪೆನ್ನು. ಪಕ್ಕದ ಕೋಣೆಯಲ್ಲಿ ಒಂದು ಯಂತ್ರದ ಮೇಲೆ ಪ್ಲಾಸ್ಟಿಕ್ ಆಲಿಕೆ ಇಟ್ಟಿದ್ದರು. ಅಪ್ಪ ಅದರೊಳಗೆ ಮೂತ್ರ ಮಾಡಿದರು, ಯಂತ್ರ ಗೆರೆ ಎಳೆದ ಕಾಗದವೊಂದನ್ನು ಹೊರಹಾಕಿತು. ಅದನ್ನು ಯಾರೂ ನನಗೆ ಓದಿ ಹೇಳಬೇಕಾಗಿರಲಿಲ್ಲ. ನಾನು ನೀರಿನ ಪಂಪ್ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಟೆಸ್ಟ್ ಬೆಂಚ್ ನೋಡಿಕೊಳ್ಳುವವಳು. ದಿನಕ್ಕೆ ಹತ್ತು ಪಂಪಿನ ಇಂಥದೇ ಗೆರೆ ನೋಡುತ್ತೇನೆ. ಒಳ್ಳೆಯ ಪಂಪಿನ ಗೆರೆ ಗುಡ್ಡದ ಹಾಗೆ ಏರಿ ಇಳಿಯುತ್ತದೆ. ಅಪ್ಪನದು ನೆಲಕ್ಕೆ ಅಂಟಿಕೊಂಡು, ಅಲ್ಲಲ್ಲಿ ಹರಿದು, ಕಾಗದದ ತುದಿಯವರೆಗೆ ತೆವಳಿತ್ತು. ಸೆಕೆಂಡಿಗೆ ಏಳು ಮಿಲಿಲೀಟರ್. ಹದಿನೈದಾದರೂ ಇರಬೇಕಿತ್ತು. ಮುಗಿಸಿ ಬಂದ ಮೇಲೂ ಮೂತ್ರಕೋಶದಲ್ಲಿ ನೂರ ಎಂಬತ್ತು ಉಳಿದಿತ್ತು.

"ಮಾತ್ರೆಯ ಕಾಲ ಮುಗೀತು ಯಜಮಾನ್ರೇ," ಅಂದರು ಸರ್ಜನ್. "ಹೊಟ್ಟೆ ಕೊಯ್ಯಲ್ಲ. ಮೂತ್ರದ ದಾರಿಯಲ್ಲೇ ನಳಿಕೆ ಬಿಟ್ಟು, ಕರೆಂಟ್ ಹರಿಯೋ ತಂತಿಯಲ್ಲಿ ಅಡ್ಡ ಬಂದಿರೋದನ್ನ ಚೂರು ಚೂರು ಕೆರೆದು ತೆಗೀತೀನಿ. ಚೂರು ಲ್ಯಾಬಿಗೆ ಹೋಗತ್ತೆ. ಒಳಗೆ ಕೆಟ್ಟದ್ದೇನಾದ್ರೂ ಇದ್ರೆ ಗೊತ್ತಾಗತ್ತೆ."

ಅಪ್ಪ ಜೇಬಿನ ಪುಸ್ತಕ ತೆಗೆದು ಬರೆಯತೊಡಗಿದ್ದರು. "ಟ್ಯೂಬು?"

"ಮೂರು ದಿನ."

"ರಕ್ತ?"

"ಸ್ವಲ್ಪ ಹೋಗತ್ತೆ. ಕೆಲವರಿಗೆ ರಕ್ತ ಕೊಡಬೇಕಾಗಿ ಬರಬಹುದು, ಕಡಿಮೆ ಜನಕ್ಕೆ."

"ಲೇಸರ್‌ನಲ್ಲಿ ಅಷ್ಟು ಹೋಗಲ್ವಂತೆ?"

ಸರ್ಜನ್ ಪೆನ್ನು ಕೆಳಗಿಟ್ಟರು. "ಹೋಗಲ್ಲ. ಅದು ನಿಜ. ನಾನು ಮೂವತ್ತು ವರ್ಷದಿಂದ ಮಾಡ್ತಿರೋದು ತಂತಿ. ಲೇಸರ್ ಬೇಕಾದ್ರೆ ಲೇಸರ್‌ನವರ ಹತ್ರ ಹೋಗಿ, ನನಗೆ ಬೇಜಾರಿಲ್ಲ. ಎಲ್ಲಿಗೇ ಹೋಗಿ, ಒಂದು ತಿಂಗಳೊಳಗೆ ಹೋಗಿ." ಅದನ್ನೇ ಚೀಟಿಯ ಕೊನೆಗೆ ಬರೆದು ಕೆಳಗೆ ಗೆರೆ ಎಳೆದರು.

ವಾರ ಬಿಟ್ಟು ಎರಡನೆಯ ಕಡೆ ಹೋದೆವು. ಕುರ್ಚಿಯಲ್ಲಿ ನನಗಿಂತ ಐದಾರು ವರ್ಷ ದೊಡ್ಡವರಿರಬಹುದಾದ ಹೆಂಗಸು ಕೂತಿದ್ದರು.

"ಡಾಕ್ಟರ್ ಬರೋದು ಎಷ್ಟು ಹೊತ್ತಾಗತ್ತಮ್ಮ?" ಅಪ್ಪ ಕೇಳಿದರು.

"ಬಂದು ಕೂತಿದೀನಿ ಹೇಳಿ."

ನಾನೇ ಮೋಸ ಮಾಡಿದೆನೇನೋ ಎಂಬಂತೆ ಅಪ್ಪ ನನ್ನನ್ನು ನೋಡಿದರು. ಪರೀಕ್ಷೆಯ ಹಾಸಿಗೆಯ ಪರದೆ ಎಳೆದ ಮೇಲೆ ಒಳಗಿಂದ "ಸ್ವಲ್ಪ ತಿರುಗಿ ಮಲಗಿ ಅಂಕಲ್, ನಾನು ದಿನಕ್ಕೆ ಇಪ್ಪತ್ತು ಜನರನ್ನ ನೋಡ್ತೀನಿ, ನಾಚಿಕೆ ಪಡೋಕೆ ಇಬ್ಬರಿಗೂ ಟೈಮಿಲ್ಲ" ಅನ್ನುವುದು ಕೇಳಿಸಿತು.

ಅವರ ವಿಧಾನವೂ ಅದೇ ದಾರಿಯಲ್ಲಿ ಹೋಗುವಂಥದ್ದು. ಆದರೆ ಕೆರೆಯುವುದಿಲ್ಲ. ಲೇಸರ್ ಬೆಳಕಿನಲ್ಲಿ ಬೆಳೆದ ಗಡ್ಡೆಯನ್ನು ಸಿಪ್ಪೆಯಿಂದ ಬಿಡಿಸಿ ಇಡಿಯಾಗಿ ಮೂತ್ರಕೋಶಕ್ಕೆ ತಳ್ಳಿ, ಅಲ್ಲಿ ಪುಡಿ ಮಾಡಿ ಹೀರಿ ತೆಗೆಯುವುದು. ಅದೂ ಲ್ಯಾಬಿಗೆ ಹೋಗುತ್ತದೆ. ಸುಟ್ಟು ಆವಿ ಮಾಡುವ ಇನ್ನೊಂದು ಲೇಸರ್ ಇದೆಯಂತೆ, ಅದರಲ್ಲಿ ಲ್ಯಾಬಿಗೆ ಕಳಿಸಲು ಏನೂ ಉಳಿಯುವುದಿಲ್ಲ. ಲೇಸರಿನಲ್ಲಿ ರಕ್ತ ಕಡಿಮೆ, ಟ್ಯೂಬು ಒಂದೆರಡು ದಿನ. ಆದರೆ ಟೇಬಲ್ಲಿನ ಮೇಲೆ ಹೆಚ್ಚು ಹೊತ್ತು, ಆಮೇಲೆ ಕೆಲವು ವಾರ ತಡೆಯಲಾಗದೆ ಹನಿಯುವುದುಂಟು.

"ಮತ್ತೆ ಒಂದು ವಿಷಯ, ಎರಡರಲ್ಲೂ ಇರೋದು," ಅಂದರು. "ಆಪರೇಷನ್ ಆದ್ಮೇಲೆ ವೀರ್ಯ ಮುಂದಕ್ಕೆ ಬರಲ್ಲ, ಹಿಂದೆ ಮೂತ್ರಕೋಶಕ್ಕೆ ಹೋಗತ್ತೆ. ಸುಮಾರು ಜನಕ್ಕೆ."

ಅಪ್ಪ ಫ್ಯಾನ್ ನೋಡಿದರು. ನಾನು ಗೋಡೆಯ ಮೇಲಿನ ಮೂತ್ರಪಿಂಡದ ಚಿತ್ರ ನೋಡಿದೆ.

"ಎರಡರಲ್ಲೂ ಅಂದ್ರೆ ಸಮಾನ ಷರತ್ತು," ಅಪ್ಪ ಗಂಟಲು ಸರಿಮಾಡಿಕೊಂಡು ಅಂದರು. "ಅದು ಬರ್ಕೊಳ್ಳೋದು ಬೇಡ."

"ಏನಂದ್ರಿ?"

"ವ್ಯತ್ಯಾಸ ಇರೋದು ಮಾತ್ರ ಪಟ್ಟಿಗೆ ಬರತ್ತೆ. ನೀವು ಮುಂದೆ ಹೇಳಿ."

ಡಾಕ್ಟರ್ ನನ್ನತ್ತ ನೋಡಿದರು. "ನೋಡಿ ಅಂಕಲ್," ಅಂದರು, "ಕೆಲವು ವರ್ಷ ಬಿಟ್ಟು ನೋಡಿದ್ರೆ ಎರಡರ ಫಲಾನೂ ಹೆಚ್ಚುಕಮ್ಮಿ ಒಂದೇ. ಸ್ವಲ್ಪ ದೊಡ್ಡದಿದೆ ಅಂತ ನಾನು ಲೇಸರ್ ಅಂತೀನಿ. ಅವರು ತಂತಿ ಅಂದ್ರೂ ತಪ್ಪಲ್ಲ. ಯಾವುದಾದ್ರೂ ಮಾಡ್ಸಿ, ತಿಂಗಳು ದಾಟಿಸಬೇಡಿ. ಮೂತ್ರಕೋಶ ಹಿಗ್ಗೋಕೆ ಶುರುವಾಗಿದೆ."

ಅವರೂ ಅದನ್ನು ಬರೆದುಕೊಟ್ಟರು.

ಮನೆಗೆ ಬಂದು ಅಪ್ಪ ಊಟದ ಮೇಜು ಖಾಲಿ ಮಾಡಿಸಿದರು. ಕಾರ್ಖಾನೆಯಿಂದ ತಂದಿಟ್ಟಿದ್ದ ಉದ್ದನೆಯ ಹಸಿರು ಗೆರೆಯ ಹಾಳೆ ಹೊರಬಂತು. ಎಡಕ್ಕೆ ವಿವರ, ಆಮೇಲೆ ಮೂರು ಕಾಲಂ. ಮೊದಲನೆಯದರ ತಲೆಗೆ 'ತಂತಿ', ಎರಡನೆಯದಕ್ಕೆ 'ಲೇಸರ್'. ಮೂರನೆಯದು ಖಾಲಿ. ರಕ್ತನಷ್ಟ, ಟ್ಯೂಬಿನ ದಿನ, ಆಸ್ಪತ್ರೆಯ ದಿನ, ಟೇಬಲ್ಲಿನ ಮೇಲಿನ ಅವಧಿ, ಸರ್ಜನ್ನರ ಅನುಭವ, ಯಂತ್ರ ಕೆಟ್ಟರೆ ಬದಲಿ ವ್ಯವಸ್ಥೆ. ಹದಿನಾಲ್ಕು ಸಾಲು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು.

"ನನ್ನ ಮದುವೆ ಮಾಡ್ಕೊಳ್ಳುವಾಗ ಎಷ್ಟು ಕೊಟೇಶನ್ ತರಿಸಿದ್ರಿ?" ಅಮ್ಮ ಕೇಳಿದಳು.

"ನಿಮ್ಮಪ್ಪ ಅವಸರ ಮಾಡಿದ್ರು."

"ಓಹೋ. ಅದಕ್ಕೇ ಮಾಲು ಸರಿ ಬರಲಿಲ್ಲ."

ಅಮ್ಮನ ತಮ್ಮ, ಫೋಟೋಗೆ ಫ್ರೇಮ್ ಹಾಕುವ ಅಂಗಡಿಯ ಮಾವ, ಸುದ್ದಿ ಕೇಳಿ ಬಂದ. ಅವನಿಗೆ ಮೂತ್ರಪಿಂಡದ ಕಲ್ಲನ್ನು ಲೇಸರಿನಲ್ಲಿ ಒಡೆದಿದ್ದರು. ಅಂದಿನಿಂದ ಲೇಸರನ್ನು ತಾನೇ ಕಂಡುಹಿಡಿದವನ ಹಾಗೆ ಮಾತಾಡುತ್ತಿದ್ದ. "ಕಲ್ಲೇ ಪುಡಿಯಾಗತ್ತೆ ಭಾವ, ಮಾಂಸ ಯಾವ ಲೆಕ್ಕ? ನಾಳೆ ಮಾಡಿಸಿ, ನಾಡಿದ್ದು ನನ್ನಂಗಡಿಗೆ ನಡ್ಕೊಂಡು ಬನ್ನಿ."

"ನಿನ್ನದು ಕಲ್ಲು. ಐಟಂ ಬೇರೆ. ಪರಿಗಣಿಸೋಕೆ ಬರಲ್ಲ," ಅಪ್ಪ ತಲೆಯೆತ್ತದೆ ಹೇಳಿದರು.

"ಅಕ್ಕಾ, ಇವರು ಸತ್ತ ಮೇಲೂ ಮೂರು ಸ್ಮಶಾನ ನೋಡ್ಕೊಂಡೇ ಹೋಗೋದು," ಎಂದು ಮಾವ ಎದ್ದುಹೋದ.

ಆದರೆ ಮೂರನೆಯ ಕೊಟೇಶನ್ ಯಾಕೆ ಬೇಕು ಎಂದು ಅಪ್ಪ ವಿವರಿಸಿದಾಗ ಅದು ಹುಚ್ಚು ಅನ್ನಿಸಲಿಲ್ಲ. ತಂತಿಯವರು ತಂತಿ ಅಂತಾರೆ, ಲೇಸರ್‌ನವರು ಲೇಸರ್ ಅಂತಾರೆ. ಯಾವ ಅಂಗಡಿಯವನು ಪಕ್ಕದಂಗಡಿಗೆ ಹೋಗು ಅಂತಾನೆ? ಎರಡೂ ಮಾಡುವವನೊಬ್ಬ ಹೇಳಬೇಕು. ಅಂಥ ಒಬ್ಬರು ದೊಡ್ಡ ಆಸ್ಪತ್ರೆಯಲ್ಲಿದ್ದರು. ಪ್ರೊಫೆಸರ್. ಅವರಿಗೆ ಕಳಿಸಲು ಅಪ್ಪ ಬರೆದ ಹನ್ನೊಂದು ಪ್ರಶ್ನೆಗಳ ಪತ್ರವನ್ನು ಟೈಪ್ ಮಾಡಿದವಳು ನಾನೇ. ಪ್ರೊಫೆಸರರ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಏಳು ವಾರದ ಆಚೆಗೆ. ಆ ದಿನ ಹೋದರೆ ಅವರು ಯಾವುದೋ ಸಮ್ಮೇಳನಕ್ಕೆ ಹೋಗಿದ್ದರು. ಮತ್ತೆ ಐದು ವಾರದ ಆಚೆಗೆ ದಿನ ಕೊಟ್ಟರು. ಆ ದಿನ ಕೌಂಟರಿನಲ್ಲಿ ಕೂತವಳು ಕಾಗದ ತಿರುವಿ, "ಮೂರು ತಿಂಗಳು ದಾಟಿದ ರಿಪೋರ್ಟು ಸಾರ್ ನೋಡಲ್ಲ, ಹೊಸದು ಮಾಡ್ಸಿ," ಅಂದಳು.

"ಮಾಡ್ಸೋಣ ನಡೀರಿ, ಇಲ್ಲೇ ಕೆಳಗಡೆ ಲ್ಯಾಬಿದೆ," ಅಂದೆ.

"ಅದು ಹೇಗಾಗತ್ತೆ? ಮೊದಲಿನ ಇಬ್ಬರು ಫೆಬ್ರವರಿ ರಿಪೋರ್ಟ್ ನೋಡಿ ಹೇಳಿದಾರೆ. ಇವರಿಗೆ ಮೇ ತಿಂಗಳದು ಕೊಟ್ರೆ ಮೂವರೂ ಒಂದೇ ಆಧಾರದ ಮೇಲೆ ಹೇಳಿದ ಹಾಗಾಗಲ್ಲ. ಹೊಸದು ಮಾಡ್ಸಿದ್ರೆ ಮೂವರಿಗೂ ತೋರಿಸ್ಬೇಕು."

"ಅಪ್ಪಾ, ಅದು ಬ್ಲೋವರ್ ಅಲ್ಲ, ನಿಮ್ಮ ಮೈ."

"ಮೈ ಅಂತಾನೇ ಹೇಳ್ತಿರೋದು. ಬ್ಲೋವರ್ ಆಗಿದ್ರೆ ವಾಪಸ್ ಕಳಿಸ್ಬಹುದಿತ್ತು."

ಕೌಂಟರಿನವಳು "ಮುಂದಿನವರು ಬನ್ನಿ" ಅಂದಳು. ನಾವು ಪಕ್ಕಕ್ಕೆ ಸರಿದೆವು. ನಮ್ಮ ಹಿಂದಿದ್ದ ಮುದುಕ ಮೂತ್ರದ ಚೀಲ ಹಿಡಿದುಕೊಂಡು ನಿಂತಿದ್ದ. ಅಪ್ಪ ಆ ಚೀಲವನ್ನೇ ನೋಡುತ್ತ ನಿಂತರು.

ಅಪ್ಪ ಹೊಸ ರಿಪೋರ್ಟ್ ಮಾಡಿಸದೆಯೇ ಪ್ರೊಫೆಸರರ ಇನ್ನೊಂದು ದಿನ ತೆಗೆದುಕೊಂಡರು, ಸೆಪ್ಟೆಂಬರ್ ಹದಿನೆಂಟಕ್ಕೆ. ಒಂದು ಮಧ್ಯಾಹ್ನ ಪ್ರಶ್ನೆಪತ್ರದ ಎರಡನೆಯ ಆವೃತ್ತಿಯನ್ನು ಪ್ರಿಂಟ್ ಮಾಡಿಸಲು ನಮ್ಮ ವರ್ಕ್‌ಶಾಪಿಗೆ ಬಂದರು. ಹನ್ನೊಂದು ಪ್ರಶ್ನೆ ಹದಿನೇಳಾಗಿತ್ತು. ನನಗೆ ರೇಗಿತು. ಅವರನ್ನು ಬೆಂಚಿನ ಹತ್ತಿರ ಕರೆದೊಯ್ದು, ಒಂದು ಗುಜರಿ ಪಂಪನ್ನು ಕೂರಿಸಿ, ನೀರು ಹೊರಹೋಗುವ ಕಡೆಯ ವಾಲ್ವ್ ಪೂರ್ತಿ ಮುಚ್ಚಿ, ಸ್ವಿಚ್ ಹಾಕಿದೆ. ಗೇಜಿನ ಮುಳ್ಳು ಏರಿ ನಿಂತಿತು. ಪಂಪು ಗೊರಗುಟ್ಟಿತು. ಸ್ವಲ್ಪ ಹೊತ್ತಿಗೆ ಬಣ್ಣ ಕಾದ ವಾಸನೆ.

"ಮುಟ್ಟಿ ನೋಡಿ."

ಅಪ್ಪ ಮುಟ್ಟಿ ಕೈ ಹಿಂತೆಗೆದರು.

"ಇದು ನಿಮ್ಮ ಮೂತ್ರಕೋಶ. ಆ ವಾಲ್ವು ನಿಮ್ಮ ಪ್ರಾಸ್ಟೇಟು. ವಾಲ್ವನ್ನ ಯಾವ ಪಾನಾದಲ್ಲಿ ಬಿಚ್ಚಬೇಕು ಅಂತ ನೀವು ನಾಲ್ಕು ತಿಂಗಳಿಂದ ಪಟ್ಟಿ ಮಾಡ್ತಿದೀರಿ. ಇಲ್ಲಿ ಮೋಟರ್ ಸುಡ್ತಿದೆ."

ಅಪ್ಪ ಪಂಪನ್ನು ಸುತ್ತ ಬಗ್ಗಿ ನೋಡಿದರು. ಅದರ ಹೆಸರಿನ ಫಲಕ ಓದಿದರು. "ಇದನ್ನ ಕೊಳ್ಳುವಾಗ ಬರೀ ಕಡಿಮೆ ದರ ನೋಡಿರ್ತಾರೆ," ಅಂದರು. "ಒಳಗೆ ತಾಮ್ರ ಕಮ್ಮಿ."

ನಾನು ಸ್ವಿಚ್ ಆರಿಸಿದೆ. ಪ್ರಿಂಟ್ ತೆಗೆದುಕೊಟ್ಟೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಸಹಿ ಅವರದೇ ಬೇಕು. ಅದೇ ತೊಡಕು. ಪ್ರಜ್ಞೆಯಿರುವ ಮನುಷ್ಯನನ್ನು ಎತ್ತಿಕೊಂಡು ಹೋಗಿ ಟೇಬಲ್ಲಿನ ಮೇಲೆ ಮಲಗಿಸಲು ಬರುವುದಿಲ್ಲ. ಅಮ್ಮ ಅತ್ತಳು, ಬೈದಳು, ಒಂದು ದಿನ ಅಡುಗೆ ಮಾಡಲಿಲ್ಲ. ಅಪ್ಪ ಬ್ರೆಡ್ಡು ತಂದು ತಿಂದರು. ಲೇಸರ್ ಡಾಕ್ಟರರ ಕಡೆಯಿಂದ ಎರಡು ಸಲ ಫೋನ್ ಬಂತು. ಅಪ್ಪ ಎರಡು ಸಲವೂ "ಪರಿಶೀಲನೆಯಲ್ಲಿದೆ" ಅಂದರು.

ಜುಲೈ ಹೊತ್ತಿಗೆ ಅಪ್ಪನಿಗೆ ವಾಸಿಯಾಗತೊಡಗಿತು.

ನಿಜವಾಗಿ ಹಾಗೆಯೇ ಕಂಡಿತು. ಹತ್ತು ನಿಮಿಷಕ್ಕೊಮ್ಮೆ ಏಳುವುದು ನಿಂತಿತು. ಬಚ್ಚಲು ಖಾಲಿ ಸಿಗತೊಡಗಿತು. ಎರಡು ತಾಸು ಅಲುಗದೆ ಕೂತು ಪೇಪರ್ ಓದುತ್ತಿದ್ದರು. "ಅವಸರಾನೇ ಆಗಲ್ಲ ಈಗ," ಅಂದರು. "ಬೆಂಕಿ ಬಿತ್ತು ಅಂತ ಎಲ್ಲರೂ ಓಡಿ ಬಂದ್ರಲ್ಲ, ಈಗೇನಂತೀರಿ?" ಹಸಿರು ಹಾಳೆಯ ಮೂರನೆಯ ಖಾಲಿ ಕಾಲಂ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಹೊಸ ಕಾಲಂ ಎಳೆದು 'ಯಾವುದೂ ಬೇಡ' ಎಂದು ಬರೆದರು. ರಕ್ತನಷ್ಟ ಸೊನ್ನೆ. ಟ್ಯೂಬಿನ ದಿನ ಸೊನ್ನೆ. ಆ ಕಾಲಂ ಎಲ್ಲ ಸಾಲಿನಲ್ಲೂ ಗೆಲ್ಲುತ್ತಿತ್ತು.

ನಾನು ನಂಬಿದೆ. ಇದನ್ನು ಹೇಳಲೇಬೇಕು. ದಿನಾ ಜಗಳವಾಡಿ ಸುಸ್ತಾಗಿತ್ತು, ನಂಬುವುದು ಸುಲಭವಿತ್ತು. ಆರು ವಾರ ನಾನು ಆಪರೇಷನ್ನಿನ ಮಾತೆತ್ತಲಿಲ್ಲ. ಕಾದು ಗೊರಗುಟ್ಟುವ ಮೋಟರು ಒಂದು ದಿನ ಸುಮ್ಮನಾದರೆ ಅದು ವಾಸಿಯಾದದ್ದಲ್ಲ, ಒಳಗಿನ ತಾಮ್ರದ ವೈಂಡಿಂಗ್ ಸುಟ್ಟದ್ದು. ಇದನ್ನು ವರ್ಕ್‌ಶಾಪಿಗೆ ಹೊಸದಾಗಿ ಬಂದವರಿಗೆ ನಾನೇ ಹೇಳಿಕೊಡುತ್ತೇನೆ.

ಮೊದಲು ಕಂಡದ್ದು ಕುರ್ಚಿಯ ಮೇಲಿನ ಟವೆಲ್. ಅಪ್ಪ ಎಲ್ಲಿ ಕೂತರೂ ಟವೆಲ್ ಹಾಸಿ ಕೂರತೊಡಗಿದ್ದರು. ಬೆವರು ಅಂದರು. ಅಮ್ಮ ಒಗೆಯಲು ಹಾಕುವಾಗ ಮೂಸಿ ನೋಡಿ ನನಗೆ ಕೊಟ್ಟಳು. ತುಂಬಿದ ಡ್ರಮ್ಮಿನ ಅಂಚಿನಿಂದ ಜಿನುಗುವ ಹಾಗೆ ಜಿನುಗುತ್ತಿತ್ತು, ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ನಾನು ಅಂದೇ ಲೇಸರ್ ಡಾಕ್ಟರಿಗೆ ಫೋನ್ ಮಾಡಿದೆ. ಈಗಲೇ ಕರೆದುಕೊಂಡು ಬನ್ನಿ ಅಂದರು.

"ಪ್ರೊಫೆಸರ್ ದಿನ ಇರೋದು ಹದಿನೆಂಟಕ್ಕೆ," ಅಂದರು ಅಪ್ಪ. "ಇನ್ನು ಹನ್ನೆರಡೇ ದಿನ. ಏಳು ತಿಂಗಳು ಕಾದಿದೀನಿ, ಹನ್ನೆರಡು ದಿನಕ್ಕೆ ಫೈಲ್ ಕೆಡಿಸ್ಲಾ?"

"ಅಪ್ಪಾ, ನಿಮಗೆ ಗೊತ್ತಿಲ್ಲದ ಹಾಗೆ ಹೋಗ್ತಿದೆ."

"ವಯಸ್ಸು."

"ಕಾಲು ಊದಿದೆ."

"ಕೂತು ಕೂತು."

ಎಲ್ಲದಕ್ಕೂ ಉತ್ತರವಿತ್ತು. ನಾನು ಕೈಯಲ್ಲಿದ್ದ ಟವೆಲನ್ನು ಅವರ ಮಡಿಲಿಗೆ ಎಸೆದು ಹೊರಗೆ ಹೋದೆ. ಅಪ್ಪನ ಮೇಲೆ ಏನನ್ನಾದರೂ ಎಸೆದದ್ದು ಅದೊಂದೇ ಸಲ.

ನಾಲ್ಕನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಅಮ್ಮ ವರ್ಕ್‌ಶಾಪಿಗೆ ಫೋನ್ ಮಾಡಿದಳು. ಅಪ್ಪ ವಾಂತಿ ಮಾಡುತ್ತಿದ್ದರು. ಅಮ್ಮನನ್ನು ಕಾರ್ಖಾನೆಯ ಟೈಪಿಸ್ಟ್ ಎಂದುಕೊಂಡು ಮೆಮೊ ಬರೆಸುತ್ತಿದ್ದರು. ಆಂಬುಲೆನ್ಸಿನಲ್ಲಿ ಹಾಕಿಕೊಂಡು ಹತ್ತಿರದ ಆಸ್ಪತ್ರೆಗೆ, ಆ ಲೇಸರ್ ಡಾಕ್ಟರ್ ಇದ್ದಲ್ಲಿಗೇ ಹೋದೆವು. ಅವರು ಹೊಟ್ಟೆಯ ಮೇಲೆ ಕೈಯಿಟ್ಟರು. ಹೊಕ್ಕುಳಿನವರೆಗೆ ಉಬ್ಬಿ ಗಟ್ಟಿಯಾಗಿತ್ತು. ನಾವದನ್ನು ಬೊಜ್ಜು ಅಂದುಕೊಂಡಿದ್ದೆವು. ನಳಿಕೆ ಹಾಕಿದರು. ಚೀಲ ತುಂಬಿತು, ಬದಲಾಯಿಸಿದರು. ಎಲ್ಲ ಸೇರಿ ಒಂದು ಲೀಟರ್ ಒಂಬೈನೂರು. ಆರೋಗ್ಯವಾಗಿರುವ ಮೂತ್ರಕೋಶ ಹಿಡಿಯುವುದು ನಾನೂರು ಐನೂರು ಮಿಲಿಲೀಟರ್. ಮೂತ್ರ ಹಿಂದಕ್ಕೆ ಒತ್ತಿ ಎರಡೂ ಮೂತ್ರಪಿಂಡ ಊದಿಕೊಂಡಿದ್ದವು.

"ನಾನು ತಿಂಗಳು ದಾಟಿಸಬೇಡಿ ಅಂತ ಬರೆದುಕೊಟ್ಟಿದ್ದೆ," ಅಂದರು ಡಾಕ್ಟರ್. ಅವರ ದನಿಯಲ್ಲಿ ಸಿಟ್ಟಿತ್ತು, ಅದು ನ್ಯಾಯವೇ ಆಗಿತ್ತು.

"ಹೌದು," ಅಂದೆ.

ಆರು ವಾರ ಅಪ್ಪ ನಳಿಕೆ ಮತ್ತು ಚೀಲದ ಜೊತೆ ಮನೆಯಲ್ಲಿದ್ದರು. ರಕ್ತದ ವಿಷ ಇಳಿಯಲು ಅಷ್ಟು ಬೇಕಾಯಿತು. ಆ ನಡುವೆ ನಾನೊಬ್ಬಳೇ ಹೋಗಿ ಪ್ರೊಫೆಸರರ ಕೋಣೆಯಲ್ಲಿ ಕೂತು ಉತ್ತರ ಬರೆಸಿಕೊಂಡು ಬಂದೆ. ಅಪ್ಪ ಕೇಳಿದ್ದರು, ಅದಕ್ಕೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಪ್ರೊಫೆಸರ್ ಫೆಬ್ರವರಿಯ ರಿಪೋರ್ಟನ್ನೇ ನೋಡಿ ಎರಡು ನಿಮಿಷದಲ್ಲಿ ಬರೆದುಕೊಟ್ಟರು. ಹದಿನೇಳು ಪ್ರಶ್ನೆಗೂ ಸೇರಿ ಎರಡು ಸಾಲು: ಎರಡರಲ್ಲಿ ಯಾವುದಾದರೂ ಆಗುತ್ತದೆ. ಒಂದು ತಿಂಗಳೊಳಗೆ ಮಾಡಿಸತಕ್ಕದ್ದು.

ಆಪರೇಷನ್ ಲೇಸರಿನಲ್ಲೇ ಆಯಿತು. ಅಪ್ಪ ಸಹಿ ಹಾಕಿದರು. "ಮೂತ್ರಕೋಶಕ್ಕೆ ಒಂದು ಅವಕಾಶ ಕೊಡೋಣ. ಖಾತ್ರಿ ಕೊಡಲ್ಲ," ಅಂದಿದ್ದರು ಡಾಕ್ಟರ್. ರಕ್ತ ಹೋಗಲಿಲ್ಲ. ಲ್ಯಾಬಿನಿಂದ ಕೆಟ್ಟ ಸುದ್ದಿ ಬರಲಿಲ್ಲ. ದಾರಿ ಕೈಬೆರಳು ಹೋಗುವಷ್ಟು ಅಗಲವಾಗಿದೆ ಎಂದರು. ಎರಡನೆಯ ದಿನ ನಳಿಕೆ ತೆಗೆದು, ಬೇಕಾದಷ್ಟು ನೀರು ಕುಡಿಸಿ, ಅದೇ ಆಲಿಕೆಯ ಮುಂದೆ ನಿಲ್ಲಿಸಿದರು.

ನಾನು ಪರದೆಯ ಈಚೆಗೆ ನಿಂತಿದ್ದೆ. ಹನಿಯ ಸದ್ದೂ ಬರಲಿಲ್ಲ. ಯಂತ್ರ ಕಾಗದ ಹೊರಹಾಕಿತು. ಅದರ ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ನೇರ ಗೆರೆ. ವಾಲ್ವು ಪೂರ್ತಿ ತೆರೆದಿತ್ತು. ತಳ್ಳುವವರು ಇರಲಿಲ್ಲ. ಮೂರು ವಾರ ಬಿಟ್ಟು ನೋಡಿದರು, ಆರು ವಾರ ಬಿಟ್ಟು ನೋಡಿದರು. ಅದೇ ಗೆರೆ.

"ಇನ್ನು ನೀವೇ ದಿನಕ್ಕೆ ಐದು ಸಲ ನಳಿಕೆ ಹಾಕಿ ಖಾಲಿ ಮಾಡ್ಕೋಬೇಕು ಅಂಕಲ್. ನರ್ಸ್ ಕಲಿಸ್ಕೊಡ್ತಾರೆ."

"ಎಷ್ಟು ದಿನ?"

ಡಾಕ್ಟರ್ ಚೀಟಿಯಲ್ಲಿ ಅವಧಿಯ ಮುಂದೆ 'ಜೀವನಪೂರ್ತಿ' ಎಂದು ಬರೆದು ಅಪ್ಪನ ಕೈಗೆ ಕೊಟ್ಟರು.

ಮನೆಗೆ ಬಂದವರೇ ಹಸಿರು ಹಾಳೆ ತರಿಸಿದರು. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ರಕ್ತನಷ್ಟ, ಸರಿ. ಟ್ಯೂಬಿನ ದಿನ, ಸರಿ. ಹದಿನಾಲ್ಕೂ ಸರಿ ಇದ್ದವು.

"ಎಲ್ಲಿ ತಪ್ಪಿದೆ ಹೇಳು," ಅಂದರು. "ಯಾವ ಸಾಲಿನಲ್ಲಿ ತಪ್ಪಿದೆ?"

ನಾನು ಹಾಳೆಯ ತಳ ತೋರಿಸಿದೆ. ಅಲ್ಲಿ ಅದೇ ಮುತ್ತಿನಂಥ ಅಕ್ಷರದಲ್ಲಿ, ಸ್ವಲ್ಪ ಸಣ್ಣದಾಗಿ, ಮೂವತ್ನಾಲ್ಕು ವರ್ಷ ಪ್ರತಿ ಪಟ್ಟಿಯ ತಳದಲ್ಲೂ ಬರೆದಿದ್ದ ಸಾಲಿತ್ತು: 'ಸಮಾನ ಷರತ್ತುಗಳನ್ನು ಸೇರಿಸಿಲ್ಲ.' ಮೂವರು ಡಾಕ್ಟರರ ಚೀಟಿಗಳನ್ನೂ ತಂದು ಅದರ ಪಕ್ಕಕ್ಕೆ ಇಟ್ಟೆ. ಮೂರರಲ್ಲೂ ಕೊನೆಗೆ ಒಂದೇ ಮಾತಿತ್ತು. ಒಂದು ತಿಂಗಳು.

ಅಪ್ಪ ಮೂರನ್ನೂ ಓದಿದರು. ಎರಡನೆಯ ಸಲ ಓದಿದರು. "ಮೂವರೂ ಒಂದೇ ಹೇಳಿದಾರೆ," ಅಂದರು. "ಒಂದೇ ಇದ್ರೆ ಅದು ಪಟ್ಟಿಗೆ ಬರಲ್ಲ."

"ಏನ್ರೀ, ಹೊತ್ತಾಯ್ತು," ಅಮ್ಮ ಬಚ್ಚಲಿನ ಬಾಗಿಲಲ್ಲಿ ಬಿಸಿನೀರು, ಸೋಪು, ಹೊಸ ನಳಿಕೆಯ ಪೊಟ್ಟಣ ಹಿಡಿದು ನಿಂತಿದ್ದಳು.

ಅಪ್ಪ ಎದ್ದು ಹೋದರು. ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಪ್ಲಾಸ್ಟಿಕ್ ಮಗ್ಗಿಗೆ ನೀರು ಬೀಳುವ ಸದ್ದು ಕೇಳಿಸಿತು. ಜೋರಾಗಿಯೇ ಬೀಳುತ್ತಿತ್ತು.

ಹೋದದ್ದು ಇಷ್ಟು: ಎಂಟು ತಿಂಗಳು, ಎಡ ಮೂತ್ರಪಿಂಡ ಪೂರ್ತಿ, ಬಲದ್ದರಲ್ಲಿ ಮೂರನೆಯ ಒಂದು ಪಾಲು, ಮೂತ್ರಕೋಶದ ಕಸುವು ಎಲ್ಲ.